ನಂಬರ್ ಬರ್ಕೊಂಡಿದ್ರೆ ಸಾಕಿತ್ತು

ಭಾನುವಾರ ಬೆಳಗ್ಗೆ ನಂದಿ ಬೆಟ್ಟಕ್ಕೆ ಹೋಗಿ ಬರೋ ಬೆಂಗಳೂರಿನವರಿಗೆ ಈ ದೃಶ್ಯ ಹೊಸದೇನಲ್ಲ. ದೇವನಹಳ್ಳಿ ದಾಟಿ ಒಂದು ಟೀ ಅಂಗಡಿ ಮುಂದೆ ನಿಂತಿದ್ದೆ. ಸ್ವಲ್ಪ ಆಚೆ ಮರದ ನೆರಳಲ್ಲಿ ಇಬ್ಬರು ಪೊಲೀಸರು. ದೂರದಿಂದ ಒಂದು ಬೈಕ್ ಬಂತು. ಮೇಲೆ ಇಬ್ಬರು ಹುಡುಗರು, ಇಬ್ಬರಿಗೂ ಹೆಲ್ಮೆಟ್ ಇಲ್ಲ. ಒಬ್ಬ ಪೊಲೀಸಪ್ಪ ತಟ್ಟನೆ ರಸ್ತೆಗಿಳಿದು ಕೈ ಅಡ್ಡ ಹಿಡಿದರು. ಹುಡುಗ ಗಾಬರಿಯಲ್ಲಿ ಬೈಕನ್ನ ಬಲಕ್ಕೆ ಎಳೆದ. ಹಿಂದೆ ಬರ್ತಿದ್ದ ಟೆಂಪೋ ಬ್ರೇಕ್ ಹಾಕಿದ ಸದ್ದಿಗೆ ನನ್ನ ಕೈಯಲ್ಲಿದ್ದ ಟೀ ಅರ್ಧ ಚೆಲ್ಲಿತು. ಬೈಕ್ ಎರಡು ಸಲ ಓಲಾಡಿ, ಹೇಗೋ ಸರಿಯಾಗಿ, ಹೊರಟೇ ಹೋಯ್ತು.

ಇನ್ನೊಬ್ಬ ಪೊಲೀಸರು ಬೆನ್ನು ಹತ್ತೋಕೆ ತಮ್ಮ ಬೈಕಿನ ಕಡೆ ಓಡಿದರು. ಟೀ ಅಂಗಡಿಯವರು ಕೂತಲ್ಲಿಂದಲೇ, "ಬಿಡಿ ಸಾರ್, ನಂಬರ್ ಕಾಣ್ತಲ್ಲ" ಅಂದರು. ಅವರು ಒಂದು ಕ್ಷಣ ನಿಂತರು. ಆಮೇಲೆ ಕಿಕ್ಕರ್ ಮೇಲಿಟ್ಟ ಕಾಲು ತೆಗೆದರು.

ಅವತ್ತು ಏನೂ ಆಗಲಿಲ್ಲ. ಆದರೆ ವಾಪಸ್ ಬರೋವಾಗ ಪೂರ್ತಿ ಒಂದೇ ಪ್ರಶ್ನೆ ತಲೆಯಲ್ಲಿ. ಆ ಹುಡುಗ ಟೆಂಪೋ ಕೆಳಗೆ ಬಿದ್ದಿದ್ದರೆ ಕೇಸು ಯಾರ ಮೇಲೆ? ಹುಡುಗನ ಮೇಲಾ, ಟೆಂಪೋ ಡ್ರೈವರ್ ಮೇಲಾ, ಕೈ ಅಡ್ಡ ಹಿಡಿದ ಪೊಲೀಸಪ್ಪನ ಮೇಲಾ?

ಪುಸ್ತಕದ ಪ್ರಕಾರ ಉತ್ತರ ಕಷ್ಟ ಇಲ್ಲ. ನಿರ್ಲಕ್ಷ್ಯದಿಂದ ಸಾವು ತಂದರೆ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಂ, 5 ವರ್ಷದವರೆಗೆ ಜೈಲು. ತೀವ್ರವಾದ ಗಾಯ ಆದರೆ 125ನೇ ಕಲಂ, 3 ವರ್ಷದವರೆಗೆ. ಹಳೇ ಐಪಿಸಿಯ 304ಎ, 338 ಇದ್ದ ಜಾಗಕ್ಕೆ ಬಂದವು ಇವು. 'ಯೂನಿಫಾರ್ಮ್ ಹಾಕಿದವರನ್ನ ಬಿಟ್ಟು' ಅಂತ ಆ ಕಲಂಗಳಲ್ಲಿ ಎಲ್ಲೂ ಬರೆದಿಲ್ಲ. ಬರೆದಿರೋದು ಬೇರೆ ಕಡೆ. ಆ 'ಬೇರೆ ಕಡೆ'ಯ ಕಥೆ ಹೇಳೋಕೆ ಮೊದಲು ಮಂಡ್ಯಕ್ಕೆ ಹೋಗಬೇಕು.

2025ರ ಮೇ 26. ಮದ್ದೂರು ತಾಲ್ಲೂಕಿನ ದಂಪತಿ, ನಾಯಿ ಕಚ್ಚಿದ ತಮ್ಮ ಮೂರೂವರೆ ವರ್ಷದ ಮಗಳನ್ನ ಬೈಕಿನಲ್ಲಿ ಕೂರಿಸಿಕೊಂಡು ಮಂಡ್ಯದ ಆಸ್ಪತ್ರೆಗೆ ಹೊರಟಿದ್ದರು. ಮಂಡ್ಯ ನಗರದಲ್ಲಿ ಸಂಚಾರ ಪೊಲೀಸರು ಹೆಲ್ಮೆಟ್ ತಪಾಸಣೆಗೆ ಬೈಕ್ ತಡೆಯೋಕೆ ಹೋದರು. ಬೈಕ್ ಆಯತಪ್ಪಿತು. ಮಗು ರಸ್ತೆಗೆ ಬಿತ್ತು, ಹಿಂದಿಂದ ಬಂದ ವಾಹನ ಅದರ ಮೇಲೆ ಹರಿಯಿತು. ತಾಯಿ ನಡುರಸ್ತೆಯಲ್ಲಿ ಮಗುವನ್ನ ತಬ್ಬಿಕೊಂಡು ಕೂತ ವಿಡಿಯೋ ನಿಮ್ಮಲ್ಲಿ ಬಹಳಷ್ಟು ಜನ ನೋಡಿರ್ತೀರಿ. ನಾನು ಪೂರ್ತಿ ನೋಡಲಿಲ್ಲ, ನೋಡೋಕಾಗಲಿಲ್ಲ. ಜನ ರಸ್ತೆ ತಡೆದರು. ಅವತ್ತೇ ಮೂವರು ಎಎಸ್‌ಐಗಳು ಅಮಾನತಾದರು.

ಇಲ್ಲಿ ಒಂದು ಮಾತು ಸ್ಪಷ್ಟ ಆಗಬೇಕು. ಅಮಾನತು ಅಂದರೆ ಶಿಕ್ಷೆ ಅಲ್ಲ. ವಿಚಾರಣೆ ಮುಗಿಯೋವರೆಗೆ ಕೆಲಸದಿಂದ ದೂರ ಇಡೋ ಇಲಾಖೆಯ ಕ್ರಮ ಅಷ್ಟೇ. ಆ ಅವಧಿಗೆ ಜೀವನಾಂಶ ಭತ್ಯೆ ಸಿಗುತ್ತೆ, ಮುಂದೆ ಕೆಲಸ ವಾಪಸ್ ಸಿಗಲೂಬಹುದು. ಕ್ರಿಮಿನಲ್ ಕೇಸು ಅಂದರೆ ಸಾಕ್ಷಿ, ಪಾಟೀಸವಾಲು, ತೀರ್ಪು. ಮೊದಲನೆಯದು ಜನರ ಸಿಟ್ಟು ತಣಿಸೋಕೆ ಒಂದೇ ದಿನದಲ್ಲಿ ಆಗುತ್ತೆ. ಎರಡನೆಯದಕ್ಕೆ ದಾರಿಯಲ್ಲೊಂದು ಬಾಗಿಲಿದೆ, ಅದರ ಕೀಲಿಕೈ ಸರ್ಕಾರದ ಹತ್ತಿರ ಇದೆ.

ಆ ಬಾಗಿಲು ಬ್ರಿಟಿಷರ ಕಾಲದ್ದು. 1898ರ ದಂಡ ಪ್ರಕ್ರಿಯಾ ಸಂಹಿತೆಯ 197ನೇ ಕಲಂ ಏನು ಹೇಳ್ತಿತ್ತು ಅಂದರೆ, ಸರ್ಕಾರಿ ಅಧಿಕಾರಿ ಕರ್ತವ್ಯದಲ್ಲಿದ್ದಾಗ ಮಾಡಿದ ಕೆಲಸಕ್ಕೆ ಅವನ ಮೇಲೆ ಕೇಸು ನಡೆಸಬೇಕಾದರೆ ಮೊದಲು ಸರ್ಕಾರದ ಅನುಮತಿ ಬೇಕು. ದೊರೆ ಮಾಡಿದ್ದನ್ನ ಪ್ರಜೆ ಪ್ರಶ್ನಿಸಬಾರದು ಅನ್ನೋ ಕಾಲದ ಕಾನೂನು. ಸ್ವಾತಂತ್ರ್ಯ ಬಂತು, 1973ರಲ್ಲಿ ಹೊಸ ಸಂಹಿತೆ ಬಂತು. ಕಲಂ ಉಳೀತು, ನಂಬರ್ ಸಮೇತ. 2024ರ ಜುಲೈ 1ರಿಂದ ಅದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 218ನೇ ಕಲಂ.

ಅದರಲ್ಲೊಂದು ಸ್ವಾರಸ್ಯ ಇದೆ. ಈ ರಕ್ಷಣೆ ಎಲ್ಲ ನೌಕರರಿಗೂ ಇಲ್ಲ. ಸರ್ಕಾರದ ಒಪ್ಪಿಗೆ ಇಲ್ಲದೆ ಕೆಲಸದಿಂದ ತೆಗೆಯೋಕಾಗದ ಅಧಿಕಾರಿಗಳಿಗೆ ಮಾತ್ರ. ಕಾನ್‌ಸ್ಟೇಬಲ್, ಎಎಸ್‌ಐಗಳನ್ನ ಇಲಾಖೆಯ ಮೇಲಧಿಕಾರಿಗಳೇ ತೆಗೆಯಬಹುದು. ಹಾಗಾಗಿ ಬಿಸಿಲಲ್ಲಿ ನಿಂತು ಕೈ ಅಡ್ಡ ಹಿಡಿಯೋ ಪೊಲೀಸಪ್ಪ ಸಾಮಾನ್ಯವಾಗಿ ಇದರೊಳಗೆ ಬರೋದಿಲ್ಲ. ಸರ್ಕಾರ ಪ್ರತ್ಯೇಕ ಅಧಿಸೂಚನೆ ಹೊರಡಿಸಿದ್ದರೆ ಆ ಮಾತು ಬೇರೆ.

ಹಾಗಾದರೆ ಕರ್ನಾಟಕದಲ್ಲಿ ಅವರನ್ನ ಕಾಯೋದು ಯಾವುದು? ನಮ್ಮದೇ ಕಾನೂನು. 1963ರ ಪೊಲೀಸ್ ಕಾಯ್ದೆ, ಅದರ 170ನೇ ಕಲಂ. ಇದರಲ್ಲಿ ಹುದ್ದೆಯ ಭೇದ ಇಲ್ಲ. ಪೊಲೀಸ್ ಅಧಿಕಾರಿ ಕರ್ತವ್ಯದ ನೆಪದಲ್ಲಿ, ಅಥವಾ ಕರ್ತವ್ಯ ಮೀರಿ ಮಾಡಿದ ಕೆಲಸಕ್ಕೂ ಸರ್ಕಾರದ ಪೂರ್ವಾನುಮತಿ ಇಲ್ಲದೆ ಕೋರ್ಟು ಮೊಕದ್ದಮೆ ತಗೊಳ್ಳೋ ಹಾಗಿಲ್ಲ. 'ಮೀರಿ' ಅನ್ನೋ ಪದ ಗಮನಿಸಿ. ಎಫ್‌ಐಆರ್ ಹಾಕಬಹುದು, ತನಿಖೆ ಮಾಡಬಹುದು. ಕೋರ್ಟಿನ ಮೆಟ್ಟಿಲಲ್ಲಿ ಮಾತ್ರ ಪತ್ರ ಕೇಳ್ತಾರೆ.

'ಕರ್ತವ್ಯದ ನೆಪ' ಅಂದರೆ ಎಷ್ಟು ದೂರ ಅನ್ನೋದಕ್ಕೂ ನಮ್ಮ ಕಡೆಯದೇ ಒಂದು ಹಳೇ ಕೇಸಿದೆ. 1954ರಲ್ಲಿ ಒಬ್ಬ ಹೆಡ್ ಕಾನ್‌ಸ್ಟೇಬಲ್ ಗಾಂಜಾ ಹಿಡಿದ ಬಗ್ಗೆ ಸುಳ್ಳು ಪಂಚನಾಮೆ ಬರೆದರು ಅನ್ನೋ ಆರೋಪ. ಆಗಿನ ಮುಂಬೈ ಪೊಲೀಸ್ ಕಾಯ್ದೆಯಲ್ಲಿ, ಕರ್ತವ್ಯದ ನೆಪದ ಕೆಲಸಕ್ಕೆ 6 ತಿಂಗಳೊಳಗೆ ಕೇಸು ಹಾಕಬೇಕು ಅಂತ ಇತ್ತು. ಗಡುವು ಮೀರಿತ್ತು. ಅಷ್ಟರಲ್ಲಿ ಆ ಪ್ರದೇಶ ಮೈಸೂರು ರಾಜ್ಯಕ್ಕೆ ಸೇರಿತ್ತು. ವಿರೂಪಾಕ್ಷಪ್ಪ ವರ್ಸಸ್ ಮೈಸೂರು ರಾಜ್ಯ ಅನ್ನೋ ಹೆಸರಲ್ಲಿ ಇದು ಸುಪ್ರೀಂ ಕೋರ್ಟಿಗೆ ಹೋಯ್ತು, 1963ರ ಕಾನೂನು ವರದಿಗಳಲ್ಲಿ ಅಚ್ಚಾಯ್ತು. ಕೋರ್ಟು ಹೇಳಿದ್ದರ ಸಾರ: ಪಂಚನಾಮೆ ಬರೆಯೋದು ಅವರ ಕರ್ತವ್ಯ, ಆ ಕರ್ತವ್ಯದ ಹೊದಿಕೆಯೊಳಗೇ ಸುಳ್ಳು ಬರೆದಿದ್ದಾರೆ, ಹಾಗಾಗಿ ಅದೂ 'ಕರ್ತವ್ಯದ ನೆಪ'ವೇ. ಕೇಸು ಬಿತ್ತು. ಸುಳ್ಳು ಬರೆದಿದ್ದು ನಿಜವಾ ಅನ್ನೋದು ಆ ಹೊತ್ತಿಗೆ ಲೆಕ್ಕಕ್ಕೇ ಬರಲಿಲ್ಲ.

ಅಲ್ಲಿಂದ ಇಲ್ಲಿಯವರೆಗೆ ಕೋರ್ಟಿನಲ್ಲಿ ಮೊದಲು ಕೇಳೋ ಪ್ರಶ್ನೆ ಬದಲಾಗಿಲ್ಲ: 'ಅವನು ಡ್ಯೂಟಿ ಮೇಲಿದ್ದನಾ?' 2020ರಲ್ಲಿ ಬೆಂಗಳೂರಿನ ಒಬ್ಬ ಪೊಲೀಸ್ ಅಧಿಕಾರಿಯ ಪ್ರಕರಣದಲ್ಲಿ (ಡಿ. ದೇವರಾಜ ವರ್ಸಸ್ ಓವೈಸ್ ಸಬೀರ್ ಹುಸೇನ್) ಸುಪ್ರೀಂ ಕೋರ್ಟು 197 ಮತ್ತು 170 ಎರಡನ್ನೂ ಬಿಡಿಸಿ ಓದಿತು. ಯೂನಿಫಾರ್ಮ್ ಇದ್ದ ಮಾತ್ರಕ್ಕೆ ಎಲ್ಲ ಅಪರಾಧಕ್ಕೂ ರಕ್ಷಣೆ ಇಲ್ಲ. ಆದರೆ ಮಾಡಿದ ಕೆಲಸಕ್ಕೂ ಕರ್ತವ್ಯಕ್ಕೂ ನ್ಯಾಯವಾದ ನಂಟಿದ್ದರೆ, ಅದು ಅತಿರೇಕವಾಗಿದ್ದರೂ ಅನುಮತಿ ಬೇಕು. ಆ ಕೇಸು ಅಲ್ಲಿಗೆ ರದ್ದಾಯ್ತು. 2025ರ ಏಪ್ರಿಲ್‌ನಲ್ಲಿ, ನಮ್ಮ ರಾಜ್ಯದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಪೀಠ ಇನ್ನೊಂದು ಬೆಂಗಳೂರು ಪ್ರಕರಣದಲ್ಲಿ ಅದೇ ದಾರಿ ಹಿಡಿಯಿತು. ಆರೋಪ 1999ರ ಸುಮಾರಿನದು. ಅನುಮತಿ ಬೇಕಿತ್ತಾ ಅನ್ನೋದು ಇತ್ಯರ್ಥ ಆಗೋಕೆ ಕಾಲು ಶತಮಾನ.

ಈ ಎರಡೂ ಕೇಸು ವಾಹನ ಬೆನ್ನಟ್ಟಿದ ಕೇಸುಗಳಲ್ಲ. ಆದರೆ ಬಾಗಿಲು ಒಂದೇ. ಠಾಣೆಯೊಳಗೆ ಹೊಡೆದ ಆರೋಪಕ್ಕೇ ಅನುಮತಿ ಬೇಕು ಅಂದಮೇಲೆ, ಹೆಲ್ಮೆಟ್ ತಪಾಸಣೆಯಂಥ ಶುದ್ಧ ಡ್ಯೂಟಿಯಲ್ಲಿ ಆದ ಅನಾಹುತಕ್ಕೆ ಬೇಡ ಅಂತ ವಾದಿಸೋದು ಯಾವ ವಕೀಲರಿಗೂ ಸುಲಭ ಅಲ್ಲ.

ಕೋರ್ಟಿನ ಬಾಗಿಲು ಇಷ್ಟು ಕಿರಿದಾದಾಗ ಜನ ರಸ್ತೆಯಲ್ಲೇ ಕೋರ್ಟು ನಡೆಸ್ತಾರೆ. 2021ರ ಮಾರ್ಚ್‌ನಲ್ಲಿ ಮೈಸೂರಿನ ಹಿನಕಲ್ ಬಳಿ ರಿಂಗ್ ರಸ್ತೆಯಲ್ಲಿ ಸಂಚಾರ ತಪಾಸಣೆ ಹೊತ್ತಲ್ಲಿ ಬೈಕ್ ಸವಾರನೊಬ್ಬ ಸತ್ತ. ಪೊಲೀಸರೇ ಕಾರಣ ಅಂತ ಸುದ್ದಿ ಹಬ್ಬಿತು. ಲಾರಿ ಹರಿದದ್ದು ಕಾರಣ ಅಂತ ಪೊಲೀಸರು ಹೇಳಿದರು. ಅಷ್ಟರಲ್ಲಿ ಗುಂಪು ಸೇರಿ ಸಿಕ್ಕ ಪೊಲೀಸರನ್ನ ಥಳಿಸಿತ್ತು, ವಾಹನ ಜಖಂ ಮಾಡಿತ್ತು. ಆಮೇಲೆ ಹೊಡೆದವರ ಬಂಧನ ಆಯ್ತು.

ಪಕ್ಕದ ರಾಜ್ಯಗಳನ್ನೂ ಒಮ್ಮೆ ನೋಡೋಣ. 2018ರ ಮಾರ್ಚ್ 7ರಂದು ತಮಿಳುನಾಡಿನ ತಿರುಚ್ಚಿ ಹತ್ತಿರ ಹೆಲ್ಮೆಟ್ ಇಲ್ಲದೆ ಹೊರಟ ದಂಪತಿಯನ್ನ ಸಂಚಾರ ಇನ್‌ಸ್ಪೆಕ್ಟರ್ ಒಬ್ಬರು ಬೆನ್ನಟ್ಟಿ ಬೈಕಿಗೆ ಒದ್ದರು ಅನ್ನೋದು ಆರೋಪ. ಹಿಂದೆ ಕೂತಿದ್ದ ಮಹಿಳೆ ಬಿದ್ದು ಪ್ರಾಣ ಬಿಟ್ಟರು. ಸಾವಿರಾರು ಜನ ಹೆದ್ದಾರಿ ತಡೆದರು. ಇನ್‌ಸ್ಪೆಕ್ಟರ್ ಬಂಧನ ಆಗಿ ಜೈಲಿಗೆ ಹೋದರು. ಇಲ್ಲಿ ಬಂಧನ ಇಷ್ಟು ಬೇಗ ಆಗಿದ್ದು ಯಾಕೆ? ಒದೆಯೋದು ಯಾವ ಡ್ಯೂಟಿಯಲ್ಲೂ ಇಲ್ಲ, ಅದು ಕಣ್ಣಿಗೆ ಕಾಣೋ ತಪ್ಪು. ಬರೀ ಬೆನ್ನಟ್ಟಿದ್ದು, ಬರೀ ಕೈ ಅಡ್ಡ ಹಿಡಿದದ್ದು ಹಾಗಲ್ಲ. ಅದು ಕೆಲಸದ ಹಾಗೇ ಕಾಣುತ್ತೆ.

ಕೇರಳದಲ್ಲಿ 2019ರ ನವೆಂಬರ್‌ನಲ್ಲಿ ಹೈಕೋರ್ಟು ನೇರವಾಗಿ ಹೇಳಿತು: ಹೆಲ್ಮೆಟ್ ಇಲ್ಲದವರನ್ನ ಓಡಿಸಿಕೊಂಡು ಹೋಗಿ ಹಿಡಿಯಬೇಡಿ, ಕ್ಯಾಮೆರಾ ಬಳಸಿ. ಅದೇ ತಿಂಗಳು ಕೊಲ್ಲಂ ಜಿಲ್ಲೆಯಲ್ಲಿ ಪೊಲೀಸರೊಬ್ಬರು ಎಸೆದ ಲಾಠಿ ತಗುಲಿ ಬೈಕ್ ಸವಾರನೊಬ್ಬ ತೀವ್ರವಾಗಿ ಗಾಯಗೊಂಡಿದ್ದ. ಆದರೂ 2023ರ ಆಗಸ್ಟ್‌ನಲ್ಲಿ, ಓಣಂ ಹೊತ್ತಲ್ಲಿ, ಕನ್ನಡ ಮಾತಾಡೋ ಮನೆಗಳು ತುಂಬಿರೋ ಕಾಸರಗೋಡು ಜಿಲ್ಲೆಯ ಕುಂಬಳೆ ಕಡೆ ಶಾಲಾ ಹುಡುಗರಿದ್ದ ಕಾರನ್ನ ಪೊಲೀಸರು ಹಿಂಬಾಲಿಸಿದರು. ಕಾರು ಮಗುಚಿತು. 17 ವರ್ಷದ ವಿದ್ಯಾರ್ಥಿಯೊಬ್ಬ ಕೆಲವು ದಿನಗಳ ನಂತರ ಮಂಗಳೂರಿನ ಆಸ್ಪತ್ರೆಯಲ್ಲಿ ತೀರಿಕೊಂಡ. ಪೊಲೀಸರ ವರ್ಗಾವಣೆ ಆಯ್ತು, ಕ್ರೈಂ ಬ್ರಾಂಚ್ ತನಿಖೆ ಬಂತು. ತಾಯಿ ಅಲ್ಲಿಗೆ ಬಿಡದೆ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಹೋಗಿ ಪೊಲೀಸರ ಮೇಲೆ ಕೇಸು ಆಗೋ ಹಾಗೆ ಮಾಡಿದರು. ಮಗನನ್ನ ಕಳಕೊಂಡ ತಾಯಿಯೇ ವಕೀಲರನ್ನ ಹಿಡಿದು ಓಡಾಡಬೇಕಾಯ್ತು ಅನ್ನೋದು ಇಲ್ಲಿ ಮುಖ್ಯ.

ಈಗ ನಮ್ಮ ಗ್ರಾಮಾಂತರ ಜಿಲ್ಲೆಗೆ ವಾಪಸ್ ಬರೋಣ. 1986ರಲ್ಲಿ ಬೆಂಗಳೂರು ಜಿಲ್ಲೆಯಿಂದ ಒಡೆದು ಮಾಡಿದ ಈ ಜಿಲ್ಲೆಯ ನಕ್ಷೆ ನೋಡಿ. ನೆಲಮಂಗಲದಲ್ಲಿ ತುಮಕೂರು, ಹಾಸನದ ಹೆದ್ದಾರಿಗಳು ಕವಲೊಡೆಯುತ್ತವೆ. ದೇವನಹಳ್ಳಿ ಮೇಲೆ ಹೈದರಾಬಾದ್ ರಸ್ತೆ, ಹೊಸಕೋಟೆ ಮೇಲೆ ಕೋಲಾರದ ರಸ್ತೆ. ದಾಬಸ್‌ಪೇಟೆಯಿಂದ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ಸುತ್ತಿ ಇನ್ನೊಂದು. 2008ರಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲಂತೂ ಕೇಳೋದೇ ಬೇಡ. ನೂರರ ವೇಗಕ್ಕೆ ಕಟ್ಟಿದ ರಸ್ತೆ, ಪಕ್ಕದಲ್ಲೇ ಹಳ್ಳಿ, ಶಾಲೆ, ಹಾಲಿನ ಡೈರಿ. ಇಲ್ಲಿ ಒಬ್ಬ ಮನುಷ್ಯ ರಸ್ತೆಗೆ ಜಿಗಿದು ಕೈ ಅಡ್ಡ ಹಿಡಿದರೆ ಅಪಾಯ ಸವಾರನಿಗಷ್ಟೇ ಅಲ್ಲ, ಕೈ ಹಿಡಿದವನಿಗೂ ಇದೆ.

ಇನ್ನೊಂದು ಕಡೆಯ ವಾದವೂ ಸುಳ್ಳಲ್ಲ. 2024ರ ಆಗಸ್ಟ್ 15ರಂದು ನೆಲಮಂಗಲ ಹತ್ತಿರ ತುಮಕೂರು ಹೆದ್ದಾರಿಯ ಮೇಲ್ಸೇತುವೆಯಲ್ಲಿ ವ್ಹೀಲಿ ಮಾಡ್ತಿದ್ದ ಹುಡುಗರ ಎರಡು ಸ್ಕೂಟರ್‌ಗಳನ್ನ ಸಿಟ್ಟಿಗೆದ್ದ ಜನ ಎತ್ತಿ ಕೆಳಗೆಸೆದರು. ಆ ವಿಡಿಯೋಗೆ ಲೈಕ್ ಒತ್ತಿದವರಲ್ಲಿ ನಾವೂ ಇದ್ದೆವು, ಒಪ್ಪಿಕೊಳ್ಳೋಣ. ಸರ ಕಿತ್ತು ಓಡೋ ಕಳ್ಳನನ್ನ, ಮಗುವನ್ನ ಎತ್ತಿಕೊಂಡು ಹೋಗೋ ಕಾರನ್ನ ಪೊಲೀಸರು ಬೆನ್ನಟ್ಟದೆ ಬಿಟ್ಟರೆ ನಾವೇ ಬೈತೀವಿ. ಬೆನ್ನಟ್ಟಿ ಏನಾದರೂ ಆದರೆ ಆಗಲೂ ಬೈತೀವಿ.

ನಮ್ಮ ದೊಡ್ಡಪ್ಪ ಹೆಡ್ ಕಾನ್‌ಸ್ಟೇಬಲ್ ಆಗಿ ರಿಟೈರ್ ಆದವರು, ಈಗ ದೊಡ್ಡಬಳ್ಳಾಪುರದಲ್ಲಿ ಇದ್ದಾರೆ. ಮಂಡ್ಯದ ಸುದ್ದಿ ಬಂದ ವಾರ ಅವರ ಮನೆಗೆ ಹೋಗಿದ್ದೆ. "ದೊಡ್ಡಪ್ಪ, ಬೆನ್ನಟ್ಟಿ ಅಂತ ಆರ್ಡರ್ ಇರ್ತಿತ್ತಾ?" ಅಂತ ಕೇಳಿದೆ.

"ಯಾರು ಕೊಡ್ತಾರಪ್ಪ ಆರ್ಡರು. ಸಂಜೆ ಮೈಕಲ್ಲಿ 'ಇವತ್ತು ಎಷ್ಟು ಕೇಸು' ಅಂತ ಕೇಳ್ತಿದ್ರು, ಅಷ್ಟೇ. ಅದೇ ಆರ್ಡರು."

"ಬೆನ್ನಟ್ಟೋಕೆ ಟ್ರೇನಿಂಗ್?"

"ಪೆರೇಡ್ ಕಲಿಸಿದ್ರು, ಬಂದೂಕು ಹಿಡಿಯೋದು ಕಲಿಸಿದ್ರು. ಗಾಡಿ ಓಡಿಸೋದು ನಾನೇ ಕಲಿತಿದ್ದು ಕಣಪ್ಪ." ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಮೂರು ಜನಕ್ಕೂ ಮನೇಲಿ ಮಕ್ಕಳಿರ್ತಾವೆ" ಅಂದರು. ಯಾರ ಪರ ಅಂದರೋ ನನಗೆ ಗೊತ್ತಾಗಲಿಲ್ಲ.

ಟ್ರೇನಿಂಗ್ ಮಾತು ಸಣ್ಣದಲ್ಲ. ಬ್ರಿಟನ್ನಿನಲ್ಲಿ ಬಹಳ ವರ್ಷ, ಬೆನ್ನಟ್ಟೋ ಪೊಲೀಸ್ ಡ್ರೈವರ್ ತಪ್ಪು ಮಾಡಿದನಾ ಅಂತ ಅಳೆಯೋಕೆ ಸಾಮಾನ್ಯ ಎಚ್ಚರಿಕೆಯ ಡ್ರೈವರ್‌ನ ಅಳತೆಗೋಲನ್ನೇ ಬಳಸ್ತಿದ್ದರು. ಪೊಲೀಸರ ಸಂಘ ಇದರ ವಿರುದ್ಧ ಹೋರಾಡಿತು. 2022ರಲ್ಲಿ ಕಾನೂನು ಬದಲಾಯ್ತು: ಅಂಥದೇ ತರಬೇತಿ ಪಡೆದ, ಜಾಣ, ಎಚ್ಚರಿಕೆಯ ಪೊಲೀಸ್ ಏನು ಮಾಡ್ತಿದ್ದ ಅನ್ನೋದೇ ಹೊಸ ಅಳತೆಗೋಲು. ಪೊಲೀಸರಿಗೆ ರಕ್ಷಣೆ ಸಿಕ್ಕಿತು, ಆದರೆ ತರಬೇತಿಗೆ ಕಟ್ಟಿಹಾಕಿ. ಅಮೆರಿಕದ ಜಾರ್ಜಿಯಾದಲ್ಲಿ 2001ರಲ್ಲಿ ಗಂಟೆಗೆ 55 ಮೈಲಿ ಮಿತಿಯ ರಸ್ತೆಯಲ್ಲಿ 73ರಲ್ಲಿ ಹೋದ 19ರ ಹುಡುಗನನ್ನ ನಿಲ್ಲಿಸೋಕೆ ಹೋಗಿ, ಅವನು ನಿಲ್ಲದೆ, ಕೊನೆಗೆ ಪೊಲೀಸ್ ಕಾರು ಹಿಂದಿನಿಂದ ಗುದ್ದಿತು. ಅವನ ಕೈಕಾಲು ಸ್ವಾಧೀನ ತಪ್ಪಿತು. ಅವನು ಹೂಡಿದ ಸಿವಿಲ್ ದಾವೆಯಲ್ಲಿ 2007ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು 8–1ರಲ್ಲಿ ಪೊಲೀಸರ ಪರ ನಿಂತಿತು. ಒಪ್ಪದೇ ಉಳಿದ ಒಬ್ಬರು ನ್ಯಾಯಮೂರ್ತಿ ಸ್ಟೀವನ್ಸ್. ಅವರ ವಾದದಲ್ಲೊಂದು ಸರಳ ಮಾತಿತ್ತು: ಕಾರಿನ ನಂಬರ್ ಪೊಲೀಸರ ಹತ್ತಿರ ಇತ್ತಲ್ಲ, ಆಮೇಲೆ ಹಿಡಿಯಬಹುದಿತ್ತಲ್ಲ?

ನಮ್ಮ ಟೀ ಅಂಗಡಿಯವರು ಅಂದದ್ದೂ ಅದೇ.

ಒಂದು ಕಾಲದಲ್ಲಿ ಬೆನ್ನಟ್ಟದೆ ದಾರಿ ಇರಲಿಲ್ಲ. ನಂಬರ್ ಬರೆದುಕೊಂಡರೂ ಅದನ್ನ ಹುಡುಕೋದು ಆರ್‌ಟಿಒ ಕಚೇರಿಯ ದಪ್ಪ ರಿಜಿಸ್ಟರ್‌ನಲ್ಲಿ. ಈಗ ನಂಬರ್ ಒತ್ತಿದರೆ ಮಾಲೀಕರ ವಿವರ ಪೊಲೀಸರ ಮೊಬೈಲಿಗೇ ಬರುತ್ತೆ. 2019ರ ತಿದ್ದುಪಡಿ ಮೋಟಾರು ವಾಹನ ಕಾಯ್ದೆಗೆ 136ಎ ಕಲಂ ಸೇರಿಸಿ ಹೆದ್ದಾರಿಗಳ ಮೇಲೆ ಎಲೆಕ್ಟ್ರಾನಿಕ್ ಕಣ್ಗಾವಲಿಗೆ ದಾರಿ ಮಾಡಿತು. 2022ರ ಜೂನ್‌ನಲ್ಲಿ ಆಗಿನ ಡಿಜಿಪಿ ಪ್ರವೀಣ್ ಸೂದ್, ಕಣ್ಣಿಗೆ ಕಾಣೋ ಉಲ್ಲಂಘನೆ ಇಲ್ಲದೆ ಬರೀ ದಾಖಲೆ ನೋಡೋಕೆ ವಾಹನ ನಿಲ್ಲಿಸಬಾರದು ಅಂತ ಸಾರ್ವಜನಿಕವಾಗಿ ಹೇಳಿದರು. ಮಂಡ್ಯದ ಮಗು ಸತ್ತ ಮೇಲೆ, ಡಿಜಿಪಿ ಎಂ.ಎ. ಸಲೀಂ ಅವರ ಸುತ್ತೋಲೆ ಬಂತು: ದಿಢೀರನೆ ರಸ್ತೆಗೆ ಅಡ್ಡ ಬರಬೇಡಿ, ಗಾಡಿ ಕೀ ಕಿತ್ತುಕೊಳ್ಳಬೇಡಿ, ವೇಗವಾಗಿ ಹೋದವರನ್ನ ಬೆನ್ನಟ್ಟಬೇಡಿ, ನಂಬರ್ ಬರೆದುಕೊಂಡು ಕಂಟ್ರೋಲ್ ರೂಮಿಗೆ ತಿಳಿಸಿ.

ಸುತ್ತೋಲೆ ಕಾನೂನಲ್ಲ. ಅದರಿಂದ 170ನೇ ಕಲಮಿನ ಬಾಗಿಲೂ ತೆರೆಯೋದಿಲ್ಲ. ಆದರೆ ಅದು ಪ್ರಶ್ನೆ ಬದಲಾಯಿಸುತ್ತೆ, ಇಡೀ ಈ ಬರಹದಲ್ಲಿ ನಾನು ಹೇಳಬೇಕಂತ ಇದ್ದದ್ದು ಅದೊಂದೇ. 'ಡ್ಯೂಟಿ ಮೇಲಿದ್ದನಾ' ಅನ್ನೋದರ ಜೊತೆ ಈಗ 'ಬೆನ್ನಟ್ಟೋ ಅಗತ್ಯ ಇತ್ತಾ' ಅಂತ ಕೇಳೋಕೆ ಕೈಯಲ್ಲೊಂದು ಕಾಗದ ಇದೆ. ಬೇಡ ಅಂತ ಬರೆದು ಹೇಳಿದ ಮೇಲೂ ಮಾಡಿದರೆ, ಅದು ನಿರ್ಲಕ್ಷ್ಯ ಅಂತ ತೋರಿಸೋದು ಮೊದಲಿಗಿಂತ ಸುಲಭ. ಅನುಮತಿ ಕೊಡಬೇಕಾದ ಸರ್ಕಾರ, ಇಲ್ಲ ಅನ್ನೋಕೆ ಮೊದಲು ತನ್ನದೇ ಡಿಜಿಪಿ ಬರೆದದ್ದನ್ನ ಓದಬೇಕಾಗುತ್ತೆ. 218ನೇ ಕಲಮಿನಲ್ಲಿ ಇನ್ನೊಂದು ಹೊಸ ಮಾತೂ ಇದೆ: ಅನುಮತಿ ಕೇಳಿದ 120 ದಿನದಲ್ಲಿ ಸರ್ಕಾರ ತೀರ್ಮಾನ ಮಾಡದಿದ್ದರೆ ಅನುಮತಿ ಸಿಕ್ಕ ಹಾಗೇ ಲೆಕ್ಕ. ಆ ಗಡುವು ಇರೋದು ಕೇಂದ್ರದ ಕಾನೂನಿನಲ್ಲಿ. ನಮ್ಮ 170ನೇ ಕಲಮಿಗೂ ಅಂಥದೊಂದು ಗಡುವು ಸೇರಿಸೋದು ನಮ್ಮ ಶಾಸಕರ ಕೈಯಲ್ಲಿದೆ.

ಸುತ್ತೋಲೆ ಆ ಪೊಲೀಸಪ್ಪನಿಗೂ ರಕ್ಷಣೆಯೇ. ಸಂಜೆ ಮೈಕಲ್ಲಿ 'ಇವನನ್ನ ಯಾಕೆ ಬಿಟ್ಟೆ' ಅಂತ ಕೇಳಿದರೆ, 'ಸುತ್ತೋಲೆ ಇದೆ ಸಾರ್, ನಂಬರ್ ಕಳಿಸಿದೀನಿ' ಅನ್ನಬಹುದು. ಇವತ್ತು ಅಮಾನತಾಗೋದು ಬಿಸಿಲಲ್ಲಿ ನಿಂತವರು. ಸಂಜೆ ಎಷ್ಟು ಅಂತ ಕೇಳಿದವರಲ್ಲ.

ನಮ್ಮ ಪಾಲೂ ಇದೆ. ಯೂನಿಫಾರ್ಮ್‌ನಲ್ಲಿರೋ ಪೊಲೀಸರು ಕೇಳಿದರೆ ಲೈಸೆನ್ಸ್ ತೋರಿಸಬೇಕು, ಅದು 130ನೇ ಕಲಂ. ಕೈ ತೋರಿಸಿದರೆ ಇಂಡಿಕೇಟರ್ ಹಾಕಿ ನಿಧಾನಕ್ಕೆ ಪಕ್ಕಕ್ಕೆ ನಿಲ್ಲಿಸಿ. ಐನೂರು ರೂಪಾಯಿ ಉಳಿಸೋಕೆ ಎಳೆದುಕೊಂಡು ಹೋಗಬೇಡಿ. ಏನಾದರೂ ಅನಾಹುತ ಕಣ್ಣೆದುರೇ ಆದರೆ ವಿಡಿಯೋ ಸ್ಟೇಟಸ್‌ಗೆ ಹಾಕಿ ಮರೆಯಬೇಡಿ. ಅದನ್ನ ಜೋಪಾನ ಮಾಡಿ, ಕೇಳಿದಾಗ ಸಾಕ್ಷಿ ಹೇಳಿ. ಇಂಥ ಕೇಸುಗಳಲ್ಲಿ ಯೂನಿಫಾರ್ಮ್ ಇಲ್ಲದ ಸಾಕ್ಷಿಗೆ ಬಹಳ ಬೆಲೆ.

ಮೊನ್ನೆ ಮತ್ತೆ ಆ ಟೀ ಅಂಗಡಿಗೆ ಹೋಗಿದ್ದೆ. ಅದೇ ಮರ, ಅದೇ ಪೊಲೀಸಪ್ಪ. ಹೆಲ್ಮೆಟ್ ಇಲ್ಲದ ಬೈಕೊಂದು ಹೋಯ್ತು. ಅವರು ಜಾಗ ಬಿಟ್ಟು ಕದಲಲಿಲ್ಲ. ಮೊಬೈಲ್ ಎತ್ತಿ ಒಂದು ಫೋಟೋ ತೆಗೆದರು. ಆ ಹುಡುಗನ ಮನೆಗೆ ನೋಟಿಸು ಹೋಗಿರುತ್ತೆ. ಹುಡುಗನೂ ಮನೆಗೆ ಹೋಗಿರ್ತಾನೆ.